ಹತ್ತಿ ಹೊಲದಲ್ಲಿ ನಾವು ಮೂವರು

ಹುಬ್ಬಳ್ಳಿಯ ಒಂದು ಆಸ್ಪತ್ರೆ. ಎಕ್ಸ್‌ರೇ ಕೋಣೆಯಲ್ಲಿ ನನ್ನ ಮಗಳು ಎಡಗೈ ಚಾಚಿ ಕೂತಿದ್ದಳು. ಬೆರಳು ಅಗಲ ಮಾಡು, ಅಲ್ಲಾಡಿಸಬೇಡ ಅಂದರು. ಒಂದು ನಿಮಿಷದ ಕೆಲಸ. ಆಮೇಲೆ ಡಾಕ್ಟರು ಆ ಫಿಲ್ಮನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಸಣ್ಣ ಸಂದು ಕಾಣಿಸುತ್ತದೆ. ಮೂಳೆ ಉದ್ದವಾಗುವುದು ಅಲ್ಲೇ. ಆ ಸಂದುಗಳನ್ನು ನೋಡಿ ಮೂಳೆಯ ವಯಸ್ಸು ಲೆಕ್ಕ ಹಾಕುತ್ತಾರಂತೆ. ಶಾಲೆಯ ದಾಖಲೆ ಪ್ರಕಾರ ಮಗಳಿಗೆ ಒಂಬತ್ತೂವರೆ ವರ್ಷ. ಅವಳ ಕೈಯ ಮೂಳೆಗೆ ಹನ್ನೊಂದು ದಾಟಿತ್ತು.

ಅದಕ್ಕೆ ಎರಡು ವಾರ ಮೊದಲು ಅವಳು ದೊಡ್ಡವಳಾಗಿದ್ದಳು. ನಾಲ್ಕನೇ ಕ್ಲಾಸಿನ ಹುಡುಗಿ. ಬಚ್ಚಲುಮನೆಯಿಂದ ಕೂಗಿದಳು, "ಮಮ್ಮಿ, ಎಲ್ಲೋ ಗಾಯ ಆಗೇತಿ ನೋಡು." ಯಾವತ್ತೋ ಕೂರಿಸಿಕೊಂಡು ನಿಧಾನವಾಗಿ ಹೇಳಿಕೊಡಬೇಕು ಅಂದುಕೊಂಡಿದ್ದ ಮಾತನ್ನು ಅವತ್ತು ಬಾಗಿಲ ಹೊರಗೆ ನಿಂತು ಗಡಿಬಿಡಿಯಲ್ಲಿ ಹೇಳಿದೆ.

ಡಾಕ್ಟರು ಒಳ್ಳೆಯವರು. ಸ್ಕ್ಯಾನ್ ಮಾಡಿಸಿದರು, ರಕ್ತ ಪರೀಕ್ಷೆ ಮಾಡಿಸಿದರು, ಗಂಟು ಗಡ್ಡೆ ಏನೂ ಇಲ್ಲ ಅಂದರು. ಆರು ತಿಂಗಳಿಗೊಮ್ಮೆ ಎತ್ತರ, ತೂಕ ನೋಡೋಣ ಅಂದರು. ಒಂದು ಹಾಳೆ ಮುಂದಿಟ್ಟುಕೊಂಡು ಪ್ರಶ್ನೆ ಕೇಳಿದರು. ನೀವು ಎಷ್ಟನೇ ವಯಸ್ಸಿಗೆ ಮೈನೆರೆದಿರಿ? ಹದಿಮೂರು. ನಿಮ್ಮ ತಾಯಿ? ಹದಿನಾಲ್ಕೋ ಹದಿನೈದೋ. ಮನೆಯಲ್ಲಿ ಯಾರಿಗಾದರೂ ಶುಗರ್? ಥೈರಾಯ್ಡ್? ಕ್ಯಾನ್ಸರ್? ಎಲ್ಲದಕ್ಕೂ ಒಂದೊಂದು ಕಾಲಮ್ ಇತ್ತು. ಯಾರಿಗೆ ಯಾವ ಬೇನೆ ಅಂತ ಬರೆಯಲು ಜಾಗ ಇತ್ತು. ಯಾರು ಏನು ಕೆಲಸ ಮಾಡಿದರು, ಯಾವುದರಲ್ಲಿ ಕೈ ಇಟ್ಟರು ಅಂತ ಬರೆಯಲು ಜಾಗ ಇರಲಿಲ್ಲ. ಆಗ ನನಗೂ ಅದು ಹೊಳೆಯಲಿಲ್ಲ.

ಹೊಳೆದದ್ದು ನಮ್ಮ ಅವ್ವನಿಗೆ.

ಸುದ್ದಿ ಕೇಳಿ ಅವ್ವ ರಾಣೆಬೆನ್ನೂರು ಕಡೆಯ ನಮ್ಮ ಊರಿಂದ ಬಸ್ಸು ಹತ್ತಿ ಬಂದಳು. ಅಷ್ಟರಲ್ಲಿ ನಮ್ಮ ಮನೆಯಲ್ಲಿ ತಪ್ಪು ಯಾರದು ಅನ್ನುವ ಮಾತು ಒಂದು ಸುತ್ತು ಮುಗಿದಿತ್ತು. ಬೇಕರಿ ತಿನಿಸಿದಿರಿ, ಕೋಳಿ ತಿನಿಸಿದಿರಿ, ಮೊಬೈಲ್ ಕೊಟ್ಟಿರಿ, ಹೀಗೆ. ಎಲ್ಲ ಮಾತೂ ತಿರುಗಿ ತಿರುಗಿ ನನ್ನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಅವ್ವ ಅದ್ಯಾವುದನ್ನೂ ಅನ್ನಲಿಲ್ಲ. ಎಕ್ಸ್‌ರೇ ಫಿಲ್ಮನ್ನು ಕವರಿನಿಂದ ತೆಗೆದು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. ರಾತ್ರಿ ಮಗಳು ಮಲಗಿದ ಮೇಲೆ ಕೇಳಿದಳು.

"ನೀ ಹೊಟ್ಯಾಗಿದ್ದಾಗ ನಾ ಕ್ರಾಸಿಂಗಿಗೆ ಹೋಗತಿದ್ದೆ. ಅದರಿಂದೇನರ ಹಿಂಗ ಆಗಿರಬಹುದೇನವ್ವ?"

ಇಲ್ಲ ಬಿಡವ್ವ, ಅದು ಯಾವ ಕಾಲದ ಮಾತು ಅಂದುಬಿಟ್ಟೆ. ಅವಳ ಸಮಾಧಾನಕ್ಕೆ ಅಂದ ಮಾತು ಅದು. ಆದರೆ ನನಗೇ ಸಮಾಧಾನ ಆಗಲಿಲ್ಲ. ಅವತ್ತಿನಿಂದ ಓದಲು ಶುರು ಮಾಡಿದೆ. ಓದಿದಷ್ಟೂ ಅವ್ವ ಕೇಳಿದ್ದು ಸರಿಯಾದ ಪ್ರಶ್ನೆ ಅನಿಸತೊಡಗಿತು.

ನಮ್ಮ ಕಡೆಯವರಿಗೆ ಕ್ರಾಸಿಂಗ್ ಅಂದರೆ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಅನ್ನುವ ಹೈಬ್ರಿಡ್ ಹತ್ತಿ ಬಂತು. 1981ರಲ್ಲಿ ಜಯಲಕ್ಷ್ಮಿ ಬಂತು. ಎಳೆ ಉದ್ದ, ರೇಟು ಜಾಸ್ತಿ. ಆದರೆ ಹೈಬ್ರಿಡ್ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಮಾಡಬೇಕು, ಅದೂ ಕೈಯಿಂದಲೇ. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ಸಂಜೆಯೇ ಹಿಡಿಯಬೇಕು. ಹೆಬ್ಬೆರಳಿನ ಉಗುರಿನಿಂದ ಸುತ್ತ ಸೀಳಿ, ಎಸಳಿನ ಜೊತೆಗೆ ಗಂಡು ಭಾಗವನ್ನೆಲ್ಲ ಕಿತ್ತು ತೆಗೆಯಬೇಕು. ನಡುವೆ ಹೆಣ್ಣು ದಂಟು ಮಾತ್ರ ಉಳಿಯಬೇಕು. ಅದಕ್ಕೆ ಉಗುರು ತಾಗಬಾರದು. ಬೆಳಿಗ್ಗೆ ಇನ್ನೊಂದು ತಳಿಯ ಹೂವು ತಂದು ಅದರ ಪರಾಗವನ್ನು ಈ ದಂಟಿಗೆ ಸವರಬೇಕು. ಸವರಿದ್ದಕ್ಕೆ ಗುರುತಾಗಿ ತೊಟ್ಟಿಗೆ ಒಂದು ದಾರ ಕಟ್ಟಬೇಕು. ಕಾಯಿ ಬಿಡಿಸುವಾಗ ದಾರ ಇದ್ದದ್ದನ್ನಷ್ಟೇ ಬೀಜಕ್ಕೆ ತೆಗೆಯುತ್ತಾರೆ. ದಿನಕ್ಕೆ ನೂರಾರು ಹೂವು. ಎಲೆಗಳ ನಡುವೆ ಮುಖ ಇಟ್ಟುಕೊಂಡು, ಎದೆಮಟ್ಟದ ಗಿಡಗಳ ಸಾಲಿನಲ್ಲಿ ಮಾಡುವ ಕೆಲಸ. ಸಣ್ಣ ಬೆರಳು ಬೇಕು, ತಾಳ್ಮೆ ಬೇಕು ಅಂತ ಹೆಣ್ಣುಮಕ್ಕಳನ್ನೇ ಕರೆಯುತ್ತಿದ್ದರು.

ಆ ಹತ್ತಿಗೆ ಕಾಯಿಕೊರಕ ಬಹಳ. ಹಾಗಾಗಿ ಎಣ್ಣಿಯೂ ಬಹಳ. ನಮ್ಮಲ್ಲಿ ಕೀಟನಾಶಕಕ್ಕೆ ಎಣ್ಣಿ ಅನ್ನುತ್ತಾರೆ. ಎಣ್ಣಿ ಹೊಡೆಯುವವರು ಗಂಡಸರು, ಬೆನ್ನಿಗೆ ಪಂಪು ಕಟ್ಟಿಕೊಂಡು. ಮರುದಿನ ಅದೇ ಗಿಡಗಳ ಒಳಗೆ ಕೈ ಹಾಕುವವರು ಹೆಂಗಸರು. ಗ್ಲೌಸ್ ಅನ್ನುವ ಮಾತೇ ಇರಲಿಲ್ಲ. ಅವ್ವ ಹೇಳುತ್ತಾಳೆ, ಮಧ್ಯಾಹ್ನ ರೊಟ್ಟಿ ಮುರಿದರೆ ರೊಟ್ಟಿಗೂ ಅದೇ ವಾಸನೆ. ಹೊಲದ ಬದುವಿನಲ್ಲಿ ಕೈ ತೊಳೆಯಲು ಒಂದು ತಂಬಿಗೆ ನೀರು. ಅದೇ ತಂಬಿಗೆ ಕುಡಿಯಲಿಕ್ಕೂ.

1983ರ ಗಣಪತಿ ಹಬ್ಬದ ಹೊತ್ತಿಗೆ ಅವ್ವನಿಗೆ ಐದು ತಿಂಗಳು. ನಾನು ಹುಟ್ಟಿದ್ದು 1984ರ ಸಂಕ್ರಾಂತಿಗೆ ಸ್ವಲ್ಪ ಮೊದಲು. ಈ ಐದು ತಿಂಗಳು ಅನ್ನುವ ಲೆಕ್ಕವನ್ನು ನಾನು ಎಷ್ಟೋ ರಾತ್ರಿ ಹಾಕಿದ್ದೇನೆ. ಯಾಕೆ ಅಂದರೆ, ಹೆಣ್ಣು ಕೂಸು ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗಲೇ ಅದರ ಅಂಡಾಶಯದಲ್ಲಿ ಅಂಡಗಳು ಸಿದ್ಧವಾಗಿರುತ್ತವೆ. ಸುಮಾರು 60ರಿಂದ 70 ಲಕ್ಷ. ಹುಟ್ಟುವ ಹೊತ್ತಿಗೆ ಅದು 10ರಿಂದ 20 ಲಕ್ಷಕ್ಕೆ ಇಳಿಯುತ್ತದೆ. ಮುಂದೆ ಜೀವಮಾನವಿಡೀ ಹೊಸದೊಂದು ಸೇರುವುದಿಲ್ಲ. ಅಂದರೆ 2013ರಲ್ಲಿ ನನ್ನ ಮಗಳಾಗಿ ಹುಟ್ಟಿದ ಆ ಅಂಡ 1983ರಲ್ಲೇ ನನ್ನೊಳಗಿತ್ತು. ನಾನು ಅವ್ವನೊಳಗಿದ್ದೆ. ಅವ್ವ ಹತ್ತಿ ಗಿಡಗಳ ಒಳಗಿದ್ದಳು. ಆ ಸಾಲಿನಲ್ಲಿ ಕೂಲಿ ಸಿಕ್ಕಿದ್ದು ಒಬ್ಬಳಿಗೆ. ಇದ್ದದ್ದು ನಾವು ಮೂವರು.

ಹಾಗಂತ ಹೊಟ್ಟೆಗೆ ಹೋದದ್ದೆಲ್ಲ ವಿಷ ಆಗುತ್ತದೆ ಅಂತಲ್ಲ. ಸಾಮಾನ್ಯ ವಿಷದ ಲೆಕ್ಕ ಬೇರೆ, ಈ ರಾಸಾಯನಿಕಗಳ ಲೆಕ್ಕ ಬೇರೆ. ಸಾಮಾನ್ಯ ವಿಷ ಜಾಸ್ತಿ ಹೋದರೆ ಜಾಸ್ತಿ ತೊಂದರೆ, ಕಡಿಮೆ ಹೋದರೆ ಕಡಿಮೆ. ಆದರೆ ಕೆಲವು ರಾಸಾಯನಿಕಗಳು ನಮ್ಮ ಹಾರ್ಮೋನಿನ ವೇಷ ಹಾಕಿಕೊಂಡು ಒಳಗೆ ಬರುತ್ತವೆ. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನು ಕೂರಬೇಕಾದ ಜಾಗದಲ್ಲಿ ತಾವು ಕೂರುತ್ತವೆ, ಇಲ್ಲ ಅದನ್ನು ಕೂರಲು ಬಿಡುವುದಿಲ್ಲ. ಹಾರ್ಮೋನು ಕೆಲಸ ಮಾಡುವುದೇ ಲವಲೇಶದಲ್ಲಿ. ಹಾಲಿಗೆ ಹೆಪ್ಪು ಹಾಕುವುದನ್ನು ನೆನೆಸಿಕೊಳ್ಳಿ. ಒಂದು ಗಡಿಗೆ ಹಾಲಿಗೆ ಒಂದು ಚಮಚ ಮಜ್ಜಿಗೆ ಸಾಕು, ಬೆಳಗಾಗುವುದರೊಳಗೆ ಗಡಿಗೆಯಷ್ಟೂ ಮೊಸರು. ಅದೇ ಚಮಚವನ್ನು ಕುದಿಯುವ ಹಾಲಿಗೋ ಫ್ರಿಜ್ಜಿನ ಹಾಲಿಗೋ ಹಾಕಿದರೆ ಆ ಕತೆಯೇ ಬೇರೆ. ಎಷ್ಟು ಅನ್ನುವುದಕ್ಕಿಂತ ಯಾವಾಗ ಅನ್ನುವುದು ದೊಡ್ಡದು. ಬಸುರಿನ ಕೆಲವು ವಾರಗಳು ಹಾಲು ಉಗುರು ಬೆಚ್ಚಗಿರುವ ಹೊತ್ತಿನ ಹಾಗೆ.

ಇದನ್ನು ಜಗತ್ತಿಗೆ ಮೊದಲು ತೋರಿಸಿದ್ದು ಕೀಟನಾಶಕ ಅಲ್ಲ, ಒಂದು ಮಾತ್ರೆ. ಡಿಇಎಸ್ ಅಂತ ಅದರ ಹೆಸರು. 1938ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ ತಯಾರಿಸಿದ ಕೃತಕ ಈಸ್ಟ್ರೋಜನ್. ಗರ್ಭಪಾತ ಆಗದಿರಲಿ ಅಂತ ಅಮೆರಿಕದಲ್ಲಿ ಬಸುರಿಯರಿಗೆ ಕೊಟ್ಟರು. ಅದರಿಂದ ಏನೂ ಉಪಯೋಗವಿಲ್ಲ ಅಂತ 1953ರಲ್ಲೇ ಶಿಕಾಗೋದ ಪರೀಕ್ಷೆಯೊಂದು ಹೇಳಿತು. ಆದರೂ 1971ರವರೆಗೆ ಕೊಡುತ್ತಲೇ ಹೋದರು. ಈ ನಡುವೆ, 1960ರ ದಶಕದ ಕೊನೆಯಲ್ಲಿ ಬಾಸ್ಟನ್ನಿನ ಆಸ್ಪತ್ರೆಗೆ ಎಳೆಯ ಹುಡುಗಿಯರು ಬರತೊಡಗಿದರು. ಯೋನಿಯ ಕ್ಯಾನ್ಸರ್. ಆ ವಯಸ್ಸಿನಲ್ಲಿ ಯಾರೂ ಕಾಣದ ಕಾಯಿಲೆ. ಡಾಕ್ಟರುಗಳಿಗೆ ತಲೆಬುಡ ತಿಳಿಯಲಿಲ್ಲ. ಆಗ ಒಬ್ಬ ಹುಡುಗಿಯ ತಾಯಿ ಕೇಳಿದಳಂತೆ, ಇವಳು ಹೊಟ್ಟೆಯಲ್ಲಿದ್ದಾಗ ನಾನೊಂದು ಮಾತ್ರೆ ತಗೊಂಡಿದ್ದೆ, ಅದರಿಂದ ಇರಬಹುದೇ ಅಂತ. ಡಾಕ್ಟರು ಆರ್ಥರ್ ಹರ್ಬ್‌ಸ್ಟ್ ಮತ್ತು ಅವರ ಜೊತೆಗಾರರು ಆ ಮಾತನ್ನು ತಳ್ಳಿಹಾಕಲಿಲ್ಲ. ಉಳಿದ ತಾಯಂದಿರನ್ನೂ ಕೇಳಿದರು. 8 ಹುಡುಗಿಯರಲ್ಲಿ 7 ಜನರ ತಾಯಂದಿರು ಅದೇ ಮಾತ್ರೆ ನುಂಗಿದ್ದರು. 1971ರಲ್ಲಿ ಅದನ್ನು ಪ್ರಕಟಿಸಿದರು. ಅದೇ ವರ್ಷ ಬಸುರಿಯರಿಗೆ ಆ ಮಾತ್ರೆ ಕೊಡಬೇಡಿ ಅಂತ ಅಲ್ಲಿನ ಸರ್ಕಾರ ಡಾಕ್ಟರುಗಳಿಗೆ ತಿಳಿಸಿತು.

ಇದನ್ನು ಓದಿದ ರಾತ್ರಿ ನಾನು ಎದ್ದು ಅವ್ವನ ಹತ್ತಿರ ಹೋಗಿ ಕೂತೆ. ಅವಳು ನಿದ್ದೆಯಲ್ಲಿದ್ದಳು. ಬಾಸ್ಟನ್ನಿನ ಆ ತಾಯಿ ಕೇಳಿದ್ದೂ, ನಮ್ಮ ಅವ್ವ ಕೇಳಿದ್ದೂ ಒಂದೇ ಮಾತು. ಆ ತಾಯಿಯ ಮಾತನ್ನು ಯಾರೋ ಬರೆದುಕೊಂಡರು. ನಾನು ಬಿಡವ್ವ ಅಂದುಬಿಟ್ಟಿದ್ದೆ.

ಡಿಇಎಸ್ ಕತೆ ಅಲ್ಲಿಗೆ ಮುಗಿಯಲಿಲ್ಲ. ಮಾತ್ರೆ ನುಂಗಿದವರ ಹೆಣ್ಣುಮಕ್ಕಳಲ್ಲಿ ಕ್ಯಾನ್ಸರ್ ಬಂದದ್ದು ಸಾವಿರಕ್ಕೆ ಸುಮಾರು ಒಬ್ಬರಿಗೆ. ಆದರೆ ಗರ್ಭ ನಿಲ್ಲದಿರುವುದು, ತಿಂಗಳು ತುಂಬುವ ಮೊದಲೇ ಹೆರಿಗೆಯಾಗುವುದು, ಇಂಥವು ಎಷ್ಟೋ ಜನರನ್ನು ಕಾಡಿದವು. 2018ರಲ್ಲಿ ಮೊಮ್ಮಕ್ಕಳ ಲೆಕ್ಕ ಬಂತು. ಅಜ್ಜಿ ಆ ಮಾತ್ರೆ ನುಂಗಿದ್ದರೆ ಮೊಮ್ಮಗುವಿಗೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ ತೊಂದರೆ, ಕಾಣಿಸಿಕೊಳ್ಳುವ ಸಂಭವ ಮೂರನೇ ಒಂದು ಪಾಲಿನಷ್ಟು ಜಾಸ್ತಿ ಇತ್ತು.

ನನಗೆ ಇದಕ್ಕಿಂತ ಹತ್ತಿರದ್ದು ಅನಿಸಿದ್ದು ಡಿಡಿಟಿ. ನಮ್ಮ ಆಯಿ, ಅಂದರೆ ಅವ್ವನ ತಾಯಿ, ಡಿಡಿಟಿ ವಿಷಯವನ್ನು ಖುಷಿಯಿಂದಲೇ ಹೇಳುತ್ತಿದ್ದಳು. ಮಲೇರಿಯಾದವರು ಬರುತ್ತಾರೆ ಅಂದರೆ ಗಡಿಗೆ, ಹಾಸಿಗೆ ಎಲ್ಲ ಅಂಗಳಕ್ಕೆ. ಗೋಡೆ, ಜಂತಿ, ದನ ಕಟ್ಟುವ ಗ್ವಾದಲಿ, ಯಾವುದನ್ನೂ ಬಿಡದೆ ಹೊಡೆದು ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರಂತೆ. ಗೋಡೆ ಒಣಗಿದರೆ ಬಿಳಿ ಬಿಳಿ ಗೀರು. "ಸೊಳ್ಳಿ ಅಷ್ಟ ಅಲ್ಲ, ತಗಣಿನೂ ಹೋದವು. ನಿದ್ದಿ ಕಂಡಿದ್ದ ಆವಾಗ" ಅನ್ನುತ್ತಿದ್ದಳು. ಆಯಿ ಹೇಳಿದ್ದು ಸುಳ್ಳಲ್ಲ. 1947ರಲ್ಲಿ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರುತ್ತಿತ್ತು, 8 ಲಕ್ಷ ಜನ ಸಾಯುತ್ತಿದ್ದರು ಅನ್ನುತ್ತದೆ ಸರ್ಕಾರದ ಅಂದಾಜು. 1953ರಲ್ಲಿ ಡಿಡಿಟಿ ಹೊಡೆಯುವ ಕಾರ್ಯಕ್ರಮ ಶುರುವಾಯಿತು. 1960ರ ದಶಕದ ನಡುವೆ ಆ ಸಂಖ್ಯೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಡಿಡಿಟಿಯನ್ನು ಬೈಯುವಾಗ ನಾನು ಇದನ್ನು ಮರೆಯಲಾರೆ. ಅದು ಇಲ್ಲದಿದ್ದರೆ ಆಯಿಯೇ ಉಳಿಯುತ್ತಿದ್ದಳೋ ಇಲ್ಲವೋ.

ಅದೇ ವರ್ಷಗಳಲ್ಲಿ, 1959ರಿಂದ 1967ರವರೆಗೆ, ಅಮೆರಿಕದ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ಸುತ್ತಮುತ್ತ ಸಾವಿರಾರು ಬಸುರಿಯರ ರಕ್ತ ತೆಗೆದು ಜೋಪಾನವಾಗಿ ಇಟ್ಟರು. ಅಲ್ಲೂ ಆಗ ಡಿಡಿಟಿ ಕಾಲ. ಬಾರ್ಬರಾ ಕೋನ್ ಅನ್ನುವ ವಿಜ್ಞಾನಿ ಮತ್ತು ಅವರ ತಂಡ ಆ ಹೆಂಗಸರ ಮಕ್ಕಳನ್ನು, ಮೊಮ್ಮಕ್ಕಳನ್ನು ಹುಡುಕಿಕೊಂಡು ಹೋದರು. 2015ರಲ್ಲಿ ಹೆಣ್ಣುಮಕ್ಕಳ ಫಲಿತಾಂಶ ಬಂತು. ತಾಯಿಯ ರಕ್ತದಲ್ಲಿ ಒಂದು ಬಗೆಯ ಡಿಡಿಟಿ ಜಾಸ್ತಿ ಇದ್ದರೆ, ಮಗಳಿಗೆ 52 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಹತ್ತಿರ ಹತ್ತಿರ ನಾಲ್ಕು ಪಟ್ಟು. 2021ರಲ್ಲಿ ಮೊಮ್ಮಕ್ಕಳದ್ದು ಬಂತು. ಅಜ್ಜಿ ದಪ್ಪ ಇರಲಿಲ್ಲ, ಆದರೆ ಅವಳ ರಕ್ತದಲ್ಲಿ ಆ ಡಿಡಿಟಿ ಜಾಸ್ತಿ ಇತ್ತು ಅಂದರೆ, ಮೊಮ್ಮಗಳಿಗೆ ಬೊಜ್ಜು ಬರುವ ಸಂಭವ ಎರಡರಿಂದ ಮೂರು ಪಟ್ಟು. ಇನ್ನೊಂದು ಸಾಲಿತ್ತು. ಅಂಥ ಮೊಮ್ಮಕ್ಕಳು ಬೇಗ ಮೈನೆರೆಯುವ ಸಂಭವ ಎರಡು ಪಟ್ಟು. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಇದು ಹೇಗೆ ದಾಟುತ್ತದೆ? ಜೀನ್ ಬದಲಾಗುವುದಿಲ್ಲವಂತೆ. ಬದಲಾಗುವುದು ಜೀನಿನ ಮೇಲಿನ ಗುರುತು. ನನಗಂತೂ ಇದು ಅರ್ಥವಾದದ್ದು ಅವ್ವನ ದಾರದಿಂದಲೇ. ಹತ್ತಿ ಗಿಡ ಅದೇ, ಕಾಯಿ ಅದೇ. ದಾರ ಕಟ್ಟಿದ್ದನ್ನು ತೆಗೆಯುತ್ತಾರೆ, ಕಟ್ಟದ್ದನ್ನು ಬಿಡುತ್ತಾರೆ. ನಮ್ಮ ಡಿಎನ್‌ಎ ಮೇಲೂ ಮೀಥೈಲ್ ಅನ್ನುವ ಸಣ್ಣ ಸಣ್ಣ ಗಂಟುಗಳಿರುತ್ತವೆ. ಯಾವ ಜೀನು ಕೆಲಸ ಮಾಡಬೇಕು, ಯಾವುದು ಸುಮ್ನೆ ಇರಬೇಕು ಅಂತ ಅವು ಹೇಳುತ್ತವೆ. ಅಂಡ, ವೀರ್ಯ ತಯಾರಾಗುವಾಗ ಹಳೆಯ ದಾರಗಳನ್ನು ಹೆಚ್ಚು ಕಡಿಮೆ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟುವುದು ದೇಹದ ಪದ್ಧತಿ. ಆ ಹೊತ್ತಿನಲ್ಲಿ ಹಾರ್ಮೋನಿನ ವೇಷದವರು ಒಳಗೆ ಬಂದರೆ ಕೆಲವು ದಾರ ತಪ್ಪು ಜಾಗದಲ್ಲಿ ಬೀಳಬಹುದು, ಕೆಲವು ಬಿಚ್ಚದೆ ಉಳಿಯಬಹುದು.

2005ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಿನ್ನರ್ ತಂಡ ಇಲಿಗಳಲ್ಲಿ ಇದನ್ನು ತೋರಿಸಿತು. ದ್ರಾಕ್ಷಿಯ ಬೂಷ್ಟು ರೋಗಕ್ಕೆ ಬಳಸುವ ವಿನ್‌ಕ್ಲೋಜೋಲಿನ್ ಅನ್ನುವ ಔಷಧವನ್ನು ಗಬ್ಬದ ಇಲಿಗೆ ಕೊಟ್ಟರು. ಅದರ ಗಂಡು ಸಂತಾನದಲ್ಲಿ ನಾಲ್ಕು ತಲೆಮಾರಿನವರೆಗೆ ವೀರ್ಯಾಣು ಕಡಿಮೆಯಾಗಿತ್ತು. ಅದರಲ್ಲಿ ಮೂರನೇ, ನಾಲ್ಕನೇ ತಲೆಮಾರಿಗೆ ಆ ಔಷಧ ಒಂದು ಹನಿಯೂ ತಾಗಿರಲಿಲ್ಲ. ಇಲಿಗೆ ಕೊಟ್ಟ ಪ್ರಮಾಣ ನಾವು ಹಣ್ಣಿನ ಮೂಲಕ ತಿನ್ನುವುದಕ್ಕಿಂತ ಬಹಳ ದೊಡ್ಡದು. ಬೇರೆ ಕೆಲವು ಲ್ಯಾಬುಗಳಿಗೆ ಅದೇ ಫಲಿತಾಂಶ ಸಿಗಲೂ ಇಲ್ಲ. ಆ ಜಗಳ ಇನ್ನೂ ಮುಗಿದಿಲ್ಲ. ಮನುಷ್ಯರಲ್ಲಿ ಒಂದು ತಲೆಮಾರು ಅಂದರೆ ಇಪ್ಪತ್ತೈದು ಮೂವತ್ತು ವರ್ಷ. ಒಬ್ಬ ವಿಜ್ಞಾನಿಯ ಜೀವಮಾನದಲ್ಲಿ ನಾಲ್ಕು ತಲೆಮಾರು ನೋಡಲು ಆಗುವುದಿಲ್ಲ ಅಲ್ವಾ.

ಇಲ್ಲೊಂದು ಲೆಕ್ಕ ಸರಿಯಾಗಿ ತಿಳಿದುಕೊಳ್ಳಬೇಕು. ಬಸುರಿ ಹೆಂಗಸಿಗೆ ತಾಗಿದ್ದು ಅವಳಿಗೂ ತಾಗುತ್ತದೆ, ಹೊಟ್ಟೆಯ ಕೂಸಿಗೂ, ಆ ಕೂಸಿನೊಳಗಿನ ಅಂಡಕ್ಕೂ ತಾಗುತ್ತದೆ. ಹಾಗಾಗಿ ಮೊಮ್ಮಗಳಿಗೆ ಬಂದದ್ದನ್ನು ಬಳುವಳಿ ಅನ್ನಲು ಆಗುವುದಿಲ್ಲ. ಅವಳೂ ಅಲ್ಲಿದ್ದಳು. ಮರಿಮಗಳಿಗೆ ಬಂದರೆ ಮಾತ್ರ ಅದು ನಿಜವಾದ ಬಳುವಳಿ. ಹತ್ತಿ ಹೊಲದ ಲೆಕ್ಕದಲ್ಲಿ ನನ್ನ ಮಗಳು ಅಲ್ಲಿದ್ದವಳು. ಅವಳಿಗೆ ಹುಟ್ಟುವ ಮಕ್ಕಳು ಆ ಹೊಲ ಕಾಣದ ಮೊದಲಿಗರು.

ನನ್ನ ಮಗಳಿಗೆ ಹೀಗಾದದ್ದು ಆ ಹೊಲದಿಂದಲೇ ಅಂತ ಯಾವ ರಕ್ತ ಪರೀಕ್ಷೆಯೂ ಹೇಳಲಾರದು. ಒಬ್ಬ ಹುಡುಗಿ ಬೇಗ ಮೈನೆರೆಯಲು ಹತ್ತು ಕಾರಣ ಇರಬಹುದು. ತೂಕ, ಊಟ, ಮನೆತನ, ಇವತ್ತಿನ ಪ್ಲಾಸ್ಟಿಕ್. ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಕಾಣುವ ಸತ್ಯವನ್ನು ಒಬ್ಬಳ ಮೈಯಲ್ಲಿ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಆದರೆ ಈ ಮಾತನ್ನು ಮುಂದಿಟ್ಟುಕೊಂಡು ಪ್ರಶ್ನೆಯನ್ನೇ ಮುಚ್ಚಿಹಾಕುವುದನ್ನು ನಾನು ಒಪ್ಪುವುದಿಲ್ಲ. ಕಾಸರಗೋಡಿನಲ್ಲಿ ಗೇರು ತೋಟದ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಅಂಗವೈಕಲ್ಯದಿಂದ ಹುಟ್ಟುವ ಮಕ್ಕಳನ್ನು ನೋಡಿ ದೈವದ ಶಾಪ ಅಂದುಕೊಂಡ ಮನೆಗಳಿದ್ದವು. ಊರಿನ ಡಾಕ್ಟರು, ಪತ್ರಕರ್ತರು ಮನೆ ಮನೆಯ ಲೆಕ್ಕ ಬರೆದಿಟ್ಟದ್ದರಿಂದ ಆ ಶಾಪಕ್ಕೆ ಒಂದು ಹೆಸರು ಸಿಕ್ಕಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ತಡೆಯಿತು. ಅಷ್ಟರಲ್ಲಿ ನಮ್ಮ ಹತ್ತಿಗೆ ಅದನ್ನು ಎಷ್ಟು ವರ್ಷ ಹೊಡೆದಿದ್ದರು! ಅದರ ಲೆಕ್ಕ ನಮ್ಮ ಊರಲ್ಲಿ ಯಾರೂ ಬರೆದಿಡಲಿಲ್ಲ.

ಮೊನ್ನೆ ಊರಿಗೆ ಹೋದಾಗ ಅಂಗಡಿಯಲ್ಲಿ ಎಣ್ಣಿ ಡಬ್ಬಿ ಒಂದನ್ನು ಕೈಯಲ್ಲಿ ಹಿಡಿದು ನೋಡಿದೆ. ಪ್ರತಿ ಡಬ್ಬಿಯ ಮೇಲೂ ಬಣ್ಣದ ಗುರುತು ಇರುತ್ತದೆ. ಕೆಂಪು ಅಂದರೆ ಭಾರಿ ವಿಷ. ಆಮೇಲೆ ಹಳದಿ, ನೀಲಿ. ಹಸಿರು ಅಂದರೆ ಕಡಿಮೆ. ಎಷ್ಟು ತಾಗಿದರೆ ಇಲಿ ಸಾಯುತ್ತದೆ ಅನ್ನುವ ಪರೀಕ್ಷೆಯ ಮೇಲೆ ನಿಂತ ಬಣ್ಣ ಅದು. ಇವತ್ತು ಕುಡಿದರೆ ಇವತ್ತು ಏನಾಗುತ್ತದೆ ಅಂತ ಅದು ಹೇಳುತ್ತದೆ. ಮೊಮ್ಮಗಳಿಗೆ ಏನಾಗುತ್ತದೆ ಅಂತ ಹೇಳುವ ಬಣ್ಣ ಆ ಡಬ್ಬಿಯ ಮೇಲಿಲ್ಲ. ಹಸಿರು ನೋಡಿ ನಿಶ್ಚಿಂತೆಯಿಂದ ಹೊಲಕ್ಕೆ ಹೋಗುವ ಬಸುರಿಯರು ನಮ್ಮಲ್ಲಿ ಇವತ್ತೂ ಇದ್ದಾರೆ.

ಇದನ್ನೆಲ್ಲ ಓದುವಾಗ ನನಗೊಂದು ಭಯ ಇತ್ತು. ಬೇಕರಿ, ಮೊಬೈಲ್ ಜೊತೆಗೆ ಈಗ ಅವ್ವನ ಹೊಟ್ಟೆಯೂ ತಪ್ಪಿನ ಪಟ್ಟಿಗೆ ಸೇರುತ್ತದಾ ಅಂತ. ಹೆಂಗಸಿನ ಗರ್ಭವನ್ನು ದೂರಲು ನಮ್ಮ ಜನಕ್ಕೆ ನೆವ ಬೇಕಷ್ಟೇ. ಆದರೆ ಅವ್ವ ಆ ಹೊಲಕ್ಕೆ ಹೋದದ್ದು ಮನೆಯಲ್ಲಿ ಜೋಳ ಮುಗಿದಿತ್ತು ಅಂತ. ಎಣ್ಣಿ ಮಾಡಿದವರಿಗೆ, ಮಾರಿದವರಿಗೆ, ಹೊಡೆಸಿದವರಿಗೆ ಓದು ಬರುತ್ತಿತ್ತು. ಬಸುರಿಯರು ಈ ಸಾಲಿಗೆ ಇಳಿಯಬಾರದು ಅಂತ ಅವರಲ್ಲಿ ಒಬ್ಬರೂ ಹೇಳಲಿಲ್ಲ. ಗಂಡಸರ ಮಾತೂ ಬೇರೆ ಇಲ್ಲ. ಬೆನ್ನಿಗೆ ಪಂಪು ಕಟ್ಟಿದ ಅಪ್ಪಂದಿರ ವೀರ್ಯದ ಮೇಲೂ ಅದೇ ದಾರಗಳಿವೆ. ಅದನ್ನು ಯಾರೂ ಕೇಳುವುದೇ ಇಲ್ಲ.

ಅದಕ್ಕೇ ಈ ಸಲ ದಸರಾ ರಜೆಯಲ್ಲಿ ಒಂದು ನೋಟ್‌ಬುಕ್ ತಂದೆ. ನಮ್ಮ ಮನೆಯ ಹೆಂಗಸರ ಕೈ ಯಾವ ವರ್ಷ ಯಾವುದರಲ್ಲಿತ್ತು ಅಂತ ಬರೆದಿಡಲಿಕ್ಕೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಗೆ ಇದನ್ನೂ ಪಿನ್ ಮಾಡಿಕೊಡುತ್ತೇನೆ. ಅವ್ವನಿಗೆ ಔಷಧಗಳ ಹೆಸರು ಗೊತ್ತಿಲ್ಲ. ಆದರೆ ವಾಸನೆ ನೆನಪಿದೆ, ಡಬ್ಬಿಯ ಬಣ್ಣ ನೆನಪಿದೆ, ಯಾರ ಹೊಲ, ಎಷ್ಟು ಕೂಲಿ, ಯಾರಿಗೆ ಎಷ್ಟು ತಿಂಗಳು, ಎಲ್ಲ ನೆನಪಿದೆ. ವರ್ಷವನ್ನು ಮಾತ್ರ ಅವಳು ಇಸವಿಯಿಂದ ಹೇಳುವುದಿಲ್ಲ. ಎತ್ತು ಸತ್ತ ವರ್ಷ, ತಮ್ಮನ ಮದುವೆಯ ವರ್ಷ ಅನ್ನುತ್ತಾಳೆ. ನಾನು ಪಕ್ಕದಲ್ಲಿ ಇಸವಿ ಕೂಡಿಸುತ್ತೇನೆ. ಬರೆಯುವವಳು ಮಗಳು. ಅವಳ ಅಕ್ಷರ ದುಂಡಗಿದೆ.

ಮೊನ್ನೆ ಸಂಜೆ ಕಟ್ಟೆಯ ಮೇಲೆ ಕೂತು ನಾಲ್ಕು ಪುಟ ಆಯಿತು. ಇನ್ನೇನು ಮುಚ್ಚಬೇಕು, ಅವ್ವ ತಡೆದಳು.

"ಇನ್ನೊಂದ ಐತಿ, ಬರಕೋ. ಎಣ್ಣಿ ಖಾಲಿ ಆದ ಡಬ್ಬಿ ಒಂದ ಮನಿಗೆ ತಂದಿದ್ದೆ. ಗಟ್ಟಿ ಡಬ್ಬಿ. ಅದರಾಗ ಉಪ್ಪು ಹಾಕಿ ಇಟ್ಟಿದ್ದೆ, ಎರಡ ಮೂರ ವರ್ಷ."

ಮಗಳು ಬರೆದಳು. ಅವ್ವ ಅವಳ ಪೆನ್ನನ್ನೇ ನೋಡುತ್ತಿದ್ದಳು.

"ತೊಳದಿದ್ದೆ ಅಂತನೂ ಬರಿ. ಬೂದಿ ಹಚ್ಚಿ ಮೂರ ಸಲ ತೊಳದಿದ್ದೆ."